ಕಂಪ್ಯೂಟರ್ ಒಂದೇ, ಕೋಣೆ ನಾಲ್ಕು

2020ರ ಲಾಕ್‌ಡೌನ್ ನೆನಪಿದೆಯಲ್ಲ? ಆಗ ನಮ್ಮ ಮನೆಯಲ್ಲಿದ್ದದ್ದು ಒಂದೇ ಕಂಪ್ಯೂಟರ್. ಬೆಳಗ್ಗೆ ಮಗಳ ಆನ್‌ಲೈನ್ ಕ್ಲಾಸು, ಮಧ್ಯಾಹ್ನ ಹೆಂಡತಿಯ ಆಫೀಸ್ ಕೆಲಸ, ಸಂಜೆ ನನ್ನ ಸ್ಕ್ರಿಪ್ಟು, ರಾತ್ರಿ ಅಮ್ಮನ ಭಜನೆ ವಿಡಿಯೊ. ಒಂದು ದಿನ ಡೆಸ್ಕ್‌ಟಾಪ್ ತುಂಬಾ ಕಸ ಬಿದ್ದಿದೆ ಅಂತ ಕೂತು ಹತ್ತಾರು ಫೈಲ್ ಡಿಲೀಟ್ ಮಾಡಿದೆ. ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದೆ. ಮಾರನೇ ದಿನ ಮಗಳು ಅಳ್ತಾ ನಿಂತಿದ್ದಳು. ಎರಡು ವಾರ ಕಷ್ಟಪಟ್ಟು ಮಾಡಿದ್ದ ಅವಳ ಪ್ರಾಜೆಕ್ಟ್ ಆ ‘ಕಸ’ದಲ್ಲಿತ್ತು! ದಿನಾ ರಾತ್ರಿ ಟಿವಿಯಲ್ಲಿ ಊರವರ ತಪ್ಪು ಎತ್ತಿ ಆಡುವ ನಾನು ಅವತ್ತು ಮಗಳ ಮುಂದೆ ತಲೆ ತಗ್ಗಿಸಿದೆ.

ತಪ್ಪು ಕಂಪ್ಯೂಟರಿನದ್ದಲ್ಲ. ನಾಲ್ಕು ಜನ ಒಂದೇ ಹೆಸರಿನಲ್ಲಿ ಒಳಗೆ ಹೋಗ್ತಿದ್ವಿ, ಅಷ್ಟೇ.

ಇದೇನು ಹೊಸ ಸಮಸ್ಯೆಯಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆ ಬಂತು. ಒಬ್ಬರ ಫೈಲಿಗೆ ಇನ್ನೊಬ್ಬರು ಕೈ ಹಾಕಬಾರದಲ್ಲ? ಅದಕ್ಕೇ ಫರ್ನಾಂಡೊ ಕಾರ್ಬಟೊ ಅವರ ತಂಡ ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಕೊಟ್ಟಿತು.

ಆ ಸೌಲಭ್ಯ ಇವತ್ತು ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಇದೆ. ವಿಂಡೋಸ್ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ಅಕೌಂಟ್ಸ್’ಗೆ ಹೋಗಿ, ಮನೆಯ ಒಬ್ಬೊಬ್ಬರಿಗೂ ಒಂದೊಂದು ಖಾತೆ ತೆರೆಯಿರಿ. ಆಗ ಏನಾಗುತ್ತೆ? ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಎಲ್ಲವೂ ಬೇರೆ ಬೇರೆ. ಅಕ್ಷರದ ಗಾತ್ರ, ಕೀಬೋರ್ಡಿನ ಭಾಷೆ ಕೂಡ ಅವರವರ ಇಷ್ಟ. ಅಜ್ಜಿಗೆ ದಪ್ಪ ಅಕ್ಷರ ಇಟ್ಟರೆ ಮೊಮ್ಮಗಳಿಗೆ ತೊಂದರೆಯಿಲ್ಲ.

ಮೂರು ಎಚ್ಚರಿಕೆ ಹೇಳಲೇಬೇಕು. ಒಂದು, ‘ಅಡ್ಮಿನಿಸ್ಟ್ರೇಟರ್’ ಅಧಿಕಾರ ಎಲ್ಲರಿಗೂ ಬೇಡ. ಮಕ್ಕಳಿಗೆ ‘ಸ್ಟ್ಯಾಂಡರ್ಡ್’ ಖಾತೆ ಸಾಕು. ಆದರೆ ಮನೆಯ ಯಜಮಾನ ಕೈಯಲ್ಲಿರುವ ಅಡ್ಮಿನ್ ಖಾತೆಯಿಂದ ಉಳಿದವರ ಫೈಲ್ ತೆರೆಯಬಹುದು, ನೆನಪಿರಲಿ. ಎರಡು, ಖಾತೆ ಅಳಿಸುವಾಗ ಅದರೊಳಗಿನ ಫೈಲುಗಳೂ ಹೋಗಬಹುದು. ಮುಖ್ಯವಾದದ್ದರ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಮೂರು, ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ. ಬೀಗ ಹಾಕದ ಕೋಣೆ ಇದ್ದೂ ಇಲ್ಲದ ಹಾಗೆ.

“ಮನೆಯವರ ಮಧ್ಯೆ ಎಂಥ ಪಾಸ್‌ವರ್ಡ್? ನಂಬಿಕೆ ಇಲ್ವಾ?” ಅಂತ ಕೇಳುವವರಿದ್ದಾರೆ. ಸ್ವಾಮಿ, ಮಗಳ ಸ್ಕೂಲ್ ಬ್ಯಾಗನ್ನು ಕೇಳದೆ ಖಾಲಿ ಮಾಡ್ತೀರಾ? ಹೆಂಡತಿಗೆ ಬಂದ ಪತ್ರ ನೀವು ಒಡೆದು ಓದ್ತೀರಾ? ಇದು ಅಪನಂಬಿಕೆಯಲ್ಲ, ಮರ್ಯಾದೆ.

ಮಗಳ ಆ ಪ್ರಾಜೆಕ್ಟ್ ವಾಪಸ್ ಸಿಗಲಿಲ್ಲ. ಎರಡು ರಾತ್ರಿ ಪಕ್ಕದಲ್ಲಿ ಕೂತು, ಅವಳು ಹೇಳಿದ ಹಾಗೆ ಟೈಪ್ ಮಾಡಿಕೊಟ್ಟೆ. ಆ ಭಾನುವಾರವೇ ನಾಲ್ಕು ಖಾತೆ ತೆರೆದೆ. ಮೊದಲನೆಯದು ಅವಳದ್ದು.