'ಮದುವೆ ಆಗಿದ್ಯಾ?' ಲಾಡ್ಜ್ ಕೌಂಟರ್‌ನ ಪ್ರಶ್ನೆಗೆ ಕಾನೂನಿನ ಉತ್ತರ ಏನು?

ಹಂಪನಕಟ್ಟೆಯಂಥ ಕಡೆ ಕಡಿಮೆ ಬಾಡಿಗೆಯ ರೂಮ್ ಹುಡುಕುವ ಜೋಡಿಗೆ ಮೊದಲು ಎದುರಾಗುವುದು ಇದೇ ಪ್ರಶ್ನೆ. ಆಧಾರ್‌ನಲ್ಲಿ ಎರಡು ಧರ್ಮದ ಹೆಸರು ಕಂಡರಂತೂ, ಬೋರ್ಡಿನಲ್ಲಿ ಕೀಗಳು ನೇತಾಡುತ್ತಿದ್ದರೂ 'ರೂಮ್ ಖಾಲಿ ಇಲ್ಲ' ಅನ್ನೋ ಉತ್ತರ ಬರಬಹುದು.

ಮದುವೆಯಾಗದ ವಯಸ್ಕರು ಒಂದೇ ರೂಮಿನಲ್ಲಿ ಉಳಿಯಬಾರದು ಅಂತ ಯಾವ ಕಾನೂನೂ ಇಲ್ಲ. 2019ರಲ್ಲಿ ಮದ್ರಾಸ್ ಹೈಕೋರ್ಟ್ ಕೊಯಮತ್ತೂರಿನ ಪ್ರಕರಣವೊಂದರಲ್ಲಿ ಇದನ್ನೇ ಹೇಳಿತು. ಹಾಗಂತ ಲಾಡ್ಜಿನವರು ರೂಮ್ ಕೊಡಲೇಬೇಕಾ? ಇಲ್ಲಿ ಸ್ವಲ್ಪ ತೊಡಕಿದೆ. ಸಂವಿಧಾನದ 15(2)ನೇ ವಿಧಿ ಹೋಟೆಲ್‌ಗಳನ್ನು ಹೆಸರಿಸಿಯೇ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಆಧಾರದಲ್ಲಿ ಪ್ರವೇಶಕ್ಕೆ ತಡೆ ಒಡ್ಡಬಾರದು ಎನ್ನುತ್ತದೆ. ಆ ಪಟ್ಟಿಯಲ್ಲಿ 'ಮದುವೆ' ಇಲ್ಲ. 2025ರ ಜನವರಿಯಲ್ಲಿ ಓಯೋ ಕಂಪನಿ ಮೀರತ್‌ನಲ್ಲಿ ಅವಿವಾಹಿತ ಜೋಡಿಗಳಿಗೆ ರೂಮ್ ನಿರಾಕರಿಸಲು ಹೋಟೆಲ್‌ಗಳಿಗೆ ಅವಕಾಶ ಕೊಟ್ಟದ್ದು ಈ ಸಂದಿಯಲ್ಲೇ. ಆದರೆ ಧರ್ಮ ನೋಡಿ ಬಾಗಿಲು ಹಾಕುವವರಿಗೆ ಈ ನೆಪ ಸಿಗದು.

ಕೌಂಟರಿನಲ್ಲಿ ಕೂತವನ ಭಯವೂ ಸುಳ್ಳಲ್ಲ, ಬಿಡಿ. ಬಿಕರ್ನಕಟ್ಟೆಯಿಂದ ಹೆಚ್ಚು ದೂರವಿಲ್ಲದ ಪಡೀಲಿನ ಹೋಂಸ್ಟೇಯಲ್ಲಿ 2012ರ ಜುಲೈ 28ರಂದು ಹುಟ್ಟುಹಬ್ಬದ ಪಾರ್ಟಿಗೆ ನುಗ್ಗಿ ಹುಡುಗ ಹುಡುಗಿಯರನ್ನು ಥಳಿಸಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2024ರಲ್ಲಿ ಆ ಪ್ರಕರಣದ ಆರೋಪಿಗಳು ಖುಲಾಸೆಯಾದರು. ಇದನ್ನೆಲ್ಲ ಕಂಡ ಮ್ಯಾನೇಜರ್ ಯಾಕೆ ರಿಸ್ಕ್ ತಗೋತಾನೆ?

ಗುರುತಿನ ಚೀಟಿ ಕೇಳುವುದು ಮಾತ್ರ ಸರಿಯೇ. ಅದು ಆಧಾರೇ ಆಗಬೇಕೆಂದಿಲ್ಲ. ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ ತೋರಿಸಬಹುದು. ಆಧಾರ್ ಕೊಡುವುದಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಕೊಡಿ.