ನಾಲ್ಕನೇ ನಂಬರ್ ಕಂಪ್ಯೂಟರಿನ ದೆವ್ವ!

ಸಂಜೆ ಏಳೂವರೆ. ಕುವೆಂಪುನಗರದ ಕಾಂಪ್ಲೆಕ್ಸ್ ಬಸ್ ಸ್ಟಾಪಿನಿಂದ ನಾಲ್ಕು ಹೆಜ್ಜೆ ಆಚೆ, ಮಹಡಿಯ ಮೇಲೆ, ಕಿಟಕಿಗೆಲ್ಲ ಕಪ್ಪು ಕಾಗದ ಅಂಟಿಸಿದ ಪುಟ್ಟ ಕೋಣೆ. ಒಳಗೆ ಆರು ಕಂಪ್ಯೂಟರು, ಹದಿನಾಲ್ಕು ಹುಡುಗರು. ತೆರೆಯ ಮೇಲೆ ಕಾಡು, ಮಂಜು, ಬೆಟ್ಟದ ದಾರಿ... ಇದ್ದಕ್ಕಿದ್ದಂತೆ ಮರಗಳ ಮರೆಯಿಂದ ಒಂದು ಲಟಾರಿ ಕಾರು ಉರುಳಿ ಬಂತು! ದೀಪವಿಲ್ಲ. ಇಂಜಿನ್ ಸದ್ದಿಲ್ಲ. ಸ್ಟೀರಿಂಗ್ ಹಿಂದೆ ನರಪಿಳ್ಳೆಯೂ ಇಲ್ಲ!!

"ಲೋ ಮಗಾ... ಡ್ರೈವರೇ ಇಲ್ಲ ಕಣೋ!"

ಹಾಗೆ ಕಿರುಚಿದವನು ಬೇರಾರೂ ಅಲ್ಲ ಓದುಗ ಮಿತ್ರರೇ, ನಿಮ್ಮ ಈ ಬಡ ಬರಹಗಾರನೇ. ಅದು 2011ನೇ ಇಸವಿ. ನಾನಾಗ ಒಂಬತ್ತನೇ ಕ್ಲಾಸು. ಗಂಟೆಗೆ ಇಷ್ಟು ಅಂತ ಕಾಸು ಕೊಟ್ಟು ಆಡುತ್ತಿದ್ದ ಆ ಆಟದ ಹೆಸರು ಜಿಟಿಎ ಸ್ಯಾನ್ ಆಂಡ್ರಿಯಾಸ್. 2004ರಲ್ಲಿ ಬಂದದ್ದು. ಅದರ ಕಾಡಿನಲ್ಲಿ ದೆವ್ವದ ಕಾರುಗಳಿವೆ, ಚಿಲಿಯಾಡ್ ಬೆಟ್ಟದಲ್ಲಿ ರೋಮದ ರಾಕ್ಷಸ ಬಿಗ್‌ಫುಟ್ ಅಡಗಿದ್ದಾನೆ ಎಂದು ಜಗತ್ತಿನ ಹುಡುಗರೆಲ್ಲ ನಂಬಿದ್ದ ಕಾಲ ಅದು. ನಾವು ನಂಬದೆ ಇರುತ್ತೇವೆಯೇ?

ಗುಟ್ಟು ಬಹಳ ಸಣ್ಣದು. ಆಟ ತಯಾರಿಸಿದವರು ಅಲ್ಲಲ್ಲಿ ನಿಂತ ಕಾರುಗಳಿಗೆ ಜಾಗ ಗುರುತು ಮಾಡಿಟ್ಟಿರುತ್ತಾರೆ. ನಾವು ಹತ್ತಿರ ಹೋದಾಗ ಆ ಜಾಗದಲ್ಲಿ ಕಾರು ಹುಟ್ಟಿಕೊಳ್ಳುತ್ತದೆ. ಕಾಡಿನ ಕೆಲವು ಜಾಗಗಳು ಇಳಿಜಾರಿನಲ್ಲಿದ್ದವು. ಕಾರು ಹುಟ್ಟಿತು, ಉರುಳಿತು. ಅಷ್ಟೇ! ಆದರೆ ಈ ವಿವರಣೆ ಅವತ್ತು ಯಾರಾದರೂ ಕೊಟ್ಟಿದ್ದರೆ ನಾವು ಅವನನ್ನೇ ಕೋಣೆಯಿಂದ ಆಚೆ ತಳ್ಳುತ್ತಿದ್ದೆವು. ದೆವ್ವ ಬೇಕಿತ್ತು ನಮಗೆ.

ಸತ್ತ ಹುಡುಗನ ಕ್ಯಾಸೆಟ್ಟು!

ಅದೇ ದಿನಗಳಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣನೊಬ್ಬ ನಮಗೊಂದು ಕಥೆ ಹೇಳಿದ. ಅಮೆರಿಕದಲ್ಲಿ ಒಬ್ಬ ವಿದ್ಯಾರ್ಥಿ ಮುದುಕನೊಬ್ಬನಿಂದ ಹಳೆಯ ಜೆಲ್ಡಾ ಆಟದ ಕ್ಯಾಸೆಟ್ಟು ತರುತ್ತಾನೆ. ಒಳಗೆ ಮೊದಲೇ ಒಬ್ಬನ ಹೆಸರಿದೆ: ಬೆನ್. ಆ ಹೆಸರು ಅಳಿಸಿದರೂ ಮತ್ತೆ ಬರುತ್ತದೆ! ಒಂದು ಬೊಂಬೆ ಆಟಗಾರನ ಬೆನ್ನು ಬಿಡದೆ ಹಿಂಬಾಲಿಸುತ್ತದೆ! ಬೆನ್ ಎಂಬುವನು ನೀರಿನಲ್ಲಿ ಮುಳುಗಿ ಸತ್ತ ಹುಡುಗ!

ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದು 2010ರಲ್ಲಿ ಅಲೆಕ್ಸ್ ಹಾಲ್ ಎಂಬ ಕಾಲೇಜು ಹುಡುಗ ಹೊಸೆದ ಕಥೆ, ಆಟವನ್ನು ತಾನೇ ತಿದ್ದಿ ವಿಡಿಯೋ ಮಾಡಿದ್ದ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅದೇ ವರ್ಷ ಮೈನ್‌ಕ್ರಾಫ್ಟ್ ಆಟದಲ್ಲಿ ಬಿಳಿ ಕಣ್ಣಿನ ಹೀರೋಬ್ರೈನ್ ಹುಟ್ಟಿದ. ಆಟ ಮಾಡಿದವನ ಸತ್ತ ತಮ್ಮನ ಆತ್ಮವಂತೆ! ಆತ ನನಗೆ ಸತ್ತ ತಮ್ಮನೇ ಇಲ್ಲ ಮಾರಾಯರೇ ಎಂದರೂ ಯಾರೂ ಕೇಳಲಿಲ್ಲ. ಕಂಪನಿಯವರು ಮಜಾ ನೋಡಲೆಂದು ಹೊಸ ಆವೃತ್ತಿ ಬಂದಾಗಲೆಲ್ಲ 'ಹೀರೋಬ್ರೈನ್‌ನನ್ನು ತೆಗೆದಿದ್ದೇವೆ' ಎಂದು ಪಟ್ಟಿಯಲ್ಲಿ ಸೇರಿಸತೊಡಗಿದರು. ಇಲ್ಲದವನನ್ನು ಎಷ್ಟು ಸಲ ತೆಗೆದರೇನು!

ನಮ್ಮ ಚಿತ್ರರಂಗವೂ ಈ ವಿದ್ಯೆ ಬಲ್ಲದು. 2013ರ '6-5=2' ನೆನಪಿದೆಯಲ್ಲ? ಚಾರಣಕ್ಕೆ ಹೋದ ಹುಡುಗರ ಕ್ಯಾಮೆರಾ ಕಾಡಿನಲ್ಲಿ ಸಿಕ್ಕಿತು, ಇದು ಅದರೊಳಗಿನ ಚಿತ್ರ ಎಂಬಂತೆ ತೋರಿಸಿದರು. ನಿಜವೋ ಸುಳ್ಳೋ ಎಂದು ಕ್ಯಾಂಟೀನಿನಲ್ಲಿ ಜಗಳವಾಡಿದವರಲ್ಲಿ ನಾನೂ ಒಬ್ಬ.

ನಾನು ಮಾಡಿದ ಕಿತಾಪತಿ

ಇಷ್ಟು ಹೊತ್ತು ಊರಿನ ಕಥೆ. ಈಗ ನನ್ನದು.

ಬೆನ್ ಕಥೆ ಕೇಳಿದ ಮೇಲೆ ನನಗೂ ಒಂದು ದೆವ್ವ ಮಾಡುವ ಆಸೆ ಹುಟ್ಟಿತು. ನಾಲ್ಕನೇ ನಂಬರ್ ಕಂಪ್ಯೂಟರಿನಲ್ಲಿ 'ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್' ಎಂಬ ಕಾರಿನ ಓಟದ ಆಟವಿತ್ತು. ಆಡುವವನು ಅದರಲ್ಲಿ ತನ್ನ ಹೆಸರು ಬರೆದಿಡಬಹುದು. ನಾನು ಯಾರೂ ನೋಡದಾಗ ಒಂದು ಹೆಸರು ಸೇರಿಸಿದೆ: 'ನಾಳೆ ಬಾ'.

1990ರ ದಶಕದಲ್ಲಿ ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ ಬರೆದಿದ್ದರಲ್ಲ, ಅದೇ. ರಾತ್ರಿ ಹೆಣ್ಣು ದೆವ್ವ ಬಂದು ನೆಂಟರ ದನಿಯಲ್ಲಿ ಕರೆಯುತ್ತದೆ, ಗೋಡೆಯ ಬರಹ ಓದಿ ವಾಪಸ್ ಹೋಗುತ್ತದೆ ಎಂಬ ಪುಕಾರು. 2018ರ ಹಿಂದಿ 'ಸ್ತ್ರೀ' ಚಿತ್ರಕ್ಕೂ ಅದೇ ಬೀಜ. ನಮ್ಮ ಮನೆಯಲ್ಲಿ ಅತ್ತೆ ಹೇಳಿದ್ದ ಕಥೆಯನ್ನು ನಾನು ಕಂಪ್ಯೂಟರಿಗೆ ತುಂಬಿದೆ. "ಆ ಹೆಸರಲ್ಲಿ ಆಡಿದವನ ಮೈಮೇಲೆ ಅದು ಬರುತ್ತಂತೆ ಕಣ್ರೋ" ಎಂದು ಪಿಸುಗುಟ್ಟಿದೆ. ಒಂದೇ ವಾರಕ್ಕೆ ಉದಯರವಿ ರಸ್ತೆಯಿಂದ ಪಂಚಮಂತ್ರ ರಸ್ತೆವರೆಗೆ ಸುದ್ದಿ! ನನ್ನ ಹೆಮ್ಮೆ ಕೇಳಬೇಡಿ.

2012ರ ದಸರಾ ರಜೆ. ನನ್ನ ಜೀವದ ಗೆಳೆಯ ಹಿಂದಿನ ರಾತ್ರಿಯೆಲ್ಲ ನಿದ್ದೆಗೆಟ್ಟು ದೀಪಾಲಂಕಾರ ನೋಡಿ ಬಂದಿದ್ದ. ಪಂಥ ಕಟ್ಟಿ ಅದೇ ಕಂಪ್ಯೂಟರಿನ ಮುಂದೆ ಕೂತ. ಅದೇ ಹೆಸರು ಆರಿಸಿಕೊಂಡ. ತೆರೆಯ ಮೇಲೆ ಪೊಲೀಸ್ ಕಾರುಗಳು ಬೆನ್ನಟ್ಟಿದವು. ಕೆಂಪು, ನೀಲಿ, ಕೆಂಪು, ನೀಲಿ... ಮೂರನೇ ಗಂಟೆ ಕಳೆಯುವ ಹೊತ್ತಿಗೆ ಅವನ ಕುತ್ತಿಗೆ ಒಂದು ಕಡೆ ತಿರುಗಿತು. ಕಣ್ಣು ಮೇಲಾಯಿತು. ಕುರ್ಚಿಯಿಂದ ಜಾರಿ ಬಿದ್ದು ಕೈಕಾಲು ಒದರತೊಡಗಿದ.

"ಬಂತು... ಬಂತು!" ಎಂದು ಹದಿನಾಲ್ಕು ಜನರೂ ಮೆಟ್ಟಿಲಿಳಿದು ಓಡಿದರು. ನಾನೂ ಓಡಿದೆ. ಅಂಗಡಿಯ ಅಣ್ಣನೊಬ್ಬನೇ ಅವನ ಕೈಗೆ ಬೀಗದ ಕೈ ಗೊಂಚಲು ತುರುಕುತ್ತಾ ಕೂತಿದ್ದ.

ಹನ್ನೊಂದು ತಿಂಗಳು

ಅವನ ಅಜ್ಜಿಗೆ ವಿಷಯ ಹೇಗೆ ಮುಟ್ಟಿತು ಗೊತ್ತೆ? 'ನಾಳೆ ಬಾ' ಸಮೇತ ಮುಟ್ಟಿತು. ನಂಜನಗೂಡು ಕಡೆಯ ಒಬ್ಬ ಮಂತ್ರವಾದಿ, ತಾಯಿತ, ನಿಂಬೆಹಣ್ಣು, ಅಮಾವಾಸ್ಯೆ ಪೂಜೆ... ಈ ನಡುವೆ ಅವನು ಇನ್ನೂ ನಾಲ್ಕು ಸಲ ಬಿದ್ದ. ಒಂದು ಸಲ ಬಚ್ಚಲಲ್ಲಿ ಬಿದ್ದು ಹುಬ್ಬು ಸೀಳಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಲಾಗಲಿಲ್ಲ. ಆಂಟಿ ನನ್ನನ್ನು ಕರೆದು, "ಅವತ್ತು ಏನಾಯ್ತು ನಿಜ ಹೇಳಪ್ಪಾ" ಎಂದರು. ನನ್ನ ಬಾಯಿ ಕಟ್ಟಿತು. "ಗೊತ್ತಿಲ್ಲ ಆಂಟಿ" ಎಂದುಬಿಟ್ಟೆ.

ಹನ್ನೊಂದು ತಿಂಗಳಾದ ಮೇಲೆ ಅವರ ಸೋದರಮಾವ ಹಟ ಹಿಡಿದು ದೊಡ್ಡಾಸ್ಪತ್ರೆಗೆ ಕರೆದೊಯ್ದರು. ತಲೆಗೆ ತಂತಿಗಳನ್ನು ಅಂಟಿಸಿ ಪರೀಕ್ಷೆ ಮಾಡಿದ ಡಾಕ್ಟರು ಹೇಳಿದ್ದು ಒಂದೇ ಮಾತು: ಮೂರ್ಛೆರೋಗ. ನಿದ್ದೆಗೆಟ್ಟರೆ ಹೆಚ್ಚು. ಮಿಣುಕುವ ಬೆಳಕಿಗೂ ಬರುತ್ತದೆ. ಮಾತ್ರೆ ಬಿಡದೆ ತಗೊಳ್ಳಿ.

ಮೂರ್ಛೆರೋಗ ಇರುವ ನೂರು ಜನರಲ್ಲಿ ಸುಮಾರು ಮೂವರಿಗೆ ಹೀಗೆ ಬೆಳಕು ಕೆಣಕುತ್ತದಂತೆ. ಜಪಾನಿನಲ್ಲಿ 1997ರ ಡಿಸೆಂಬರ್ 16ರಂದು ಟಿವಿಯಲ್ಲಿ ಪೋಕೆಮಾನ್ ಕಾರ್ಟೂನು ಬರುವಾಗ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಹನ್ನೆರಡು ಸಲದಂತೆ ಮಿಂಚಿತು. 685 ಜನರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಆ ಕಂತನ್ನು ಮತ್ತೆಂದೂ ತೋರಿಸಲಿಲ್ಲ. ಪೋಕೆಮಾನ್ ಆಟದ ಸಂಗೀತ ಕೇಳಿ ಮಕ್ಕಳು ಸತ್ತರೆಂಬ ದೆವ್ವದ ಕಥೆಯೂ ಓಡಾಡುತ್ತದೆ. ಅದು ಶುದ್ಧ ಬುರುಡೆ. ನಡೆದದ್ದು ಇದು. ಇದರಲ್ಲಿ ದೆವ್ವವಿಲ್ಲ.

ನಾಗವಲ್ಲಿ ಹೇಳಿದ್ದೇನು?

'ಆಪ್ತಮಿತ್ರ'ವನ್ನು ಎಷ್ಟು ಸಲ ನೋಡಿದ್ದೀರಿ? ನಾನು ಲೆಕ್ಕವಿಟ್ಟಿಲ್ಲ. ಸೌಂದರ್ಯ 2004ರ ಏಪ್ರಿಲ್ 17ರಂದು ವಿಮಾನಾಪಘಾತದಲ್ಲಿ ಹೋದರು. ಚಿತ್ರ ತೆರೆಗೆ ಬಂದದ್ದು ಆಗಸ್ಟಿನಲ್ಲಿ. 'ಆಪ್ತರಕ್ಷಕ' ಬಿಡುಗಡೆಗೆ ಮುಂಚೆ, 2009ರ ಡಿಸೆಂಬರ್ 30ರಂದು, ನಮ್ಮ ಮೈಸೂರಿನಲ್ಲೇ ವಿಷ್ಣು ದಾದಾ ಕಣ್ಮುಚ್ಚಿದರು. ನಾಗವಲ್ಲಿಯ ಶಾಪ ಎಂದು ಬಸ್ ಸ್ಟ್ಯಾಂಡಿನಲ್ಲೆಲ್ಲ ಮಾತಾಡಿಕೊಂಡೆವು. ಆದರೆ ಮಿತ್ರರೇ, 'ಆಪ್ತಮಿತ್ರ'ದಲ್ಲಿ ದಾದಾ ಹೇಳುವುದೇನು? ಗಂಗಾಳಿಗೆ ದೆವ್ವ ಹಿಡಿದಿಲ್ಲ, ಕಾಯಿಲೆ ಇದೆ ಅಂತ! ಡಾಕ್ಟರ್ ವಿಜಯ್‌ಗೆ ಶಿಳ್ಳೆ ಹೊಡೆದ ನಾವು ಆ ಮಾತೊಂದನ್ನು ಮಾತ್ರ ಥಿಯೇಟರಿನಲ್ಲೇ ಬಿಟ್ಟು ಬಂದೆವು.

ಒಂದು ವಿಷಯ ನೆನಪಿಟ್ಟುಕೊಳ್ಳಿ. ಯಾರಿಗಾದರೂ ಫಿಟ್ಸ್ ಬಂದರೆ ಓಡಬೇಡಿ. ಕಬ್ಬಿಣ ಕೊಡಬೇಡಿ, ಬಾಯಿಗೆ ಏನೂ ಇಡಬೇಡಿ, ಒದರುವ ಕೈಕಾಲು ಅದುಮಬೇಡಿ. ಮಗ್ಗುಲಿಗೆ ತಿರುಗಿಸಿ, ತಲೆ ಕೆಳಗೆ ಮೆತ್ತನೆಯದೇನಾದರೂ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿತೋ, ಆಂಬ್ಯುಲೆನ್ಸು ಕರೆಸಿ.

ಗೆಳೆಯ ಈಗ ವಿಶ್ವಮಾನವ ಡಬಲ್ ರೋಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುತ್ತಾನೆ. ಆರು ವರ್ಷದಿಂದ ಒಮ್ಮೆಯೂ ಬಿದ್ದಿಲ್ಲ. ಹುಬ್ಬಿನ ಗಾಯದ ಗೆರೆ ಹಾಗೇ ಇದೆ. ಪಿಯುಸಿ ಅರ್ಧಕ್ಕೆ ಬಿಟ್ಟು ಅಲೆಯುತ್ತಿದ್ದ ನನಗೆ ಬರೆಯಲು ಮೊದಲ ಹಳೇ ಲ್ಯಾಪ್‌ಟಾಪು ಕೊಟ್ಟವನೂ ಅವನೇ. ಹೋದ ತಿಂಗಳು ಧೈರ್ಯ ಮಾಡಿ ಹೇಳಿಬಿಟ್ಟೆ, ಆ ಹೆಸರು ಬರೆದವನು ನಾನು ಅಂತ.

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಬಹಳ ಹೊತ್ತು ಮಾತಾಡಲಿಲ್ಲ.

"ಅಮ್ಮ ಕೇಳಿದಾಗ ಹೇಳ್ಬೋದಿತ್ತಲ್ಲೋ" ಎಂದ.

ನಾನು ತಲೆ ತಗ್ಗಿಸಿ ಎದ್ದೆ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಅವನ ದನಿ:

"ಲೋ... ನಾಳೆ ಬಾ!"

ಮಾರನೇ ದಿನ ಹೋದೆ. ಎರಡು ಟೀ ತರಿಸಿಟ್ಟಿದ್ದ.