40 ಕೋಟಿ ಡಾಲರ್‌ನ ಬೇಲಿ

2012ರ ಅಕ್ಟೋಬರ್‌ನಲ್ಲಿ ರಾಲ್ಫ್ ವಿಲ್ಸನ್ ಅವರಿಗೆ 94 ತುಂಬಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಅಂಚಿನ ಬಫಲೋ ಊರಿನವರಿಗೆ ಅದು ಸಂತೋಷದ ಜೊತೆಗೆ ಕಳವಳದ ಸುದ್ದಿಯೂ ಆಗಿತ್ತು. ವಿಲ್ಸನ್ ಆ ಊರಿನವರಲ್ಲ, ಡೆಟ್ರಾಯಿಟ್‌ನ ಉದ್ಯಮಿ. ಆದರೆ ಊರಿನ ಫುಟ್‌ಬಾಲ್ ತಂಡ ‘ಬಫಲೋ ಬಿಲ್ಸ್’ ಅವರ ಸ್ವಂತದ್ದು. 1959ರಲ್ಲಿ 25,000 ಡಾಲರ್ ಕೊಟ್ಟು ಹೊಸದೊಂದು ಲೀಗಿನಲ್ಲಿ ಅವರು ಕಟ್ಟಿದ ತಂಡ ಅದು. ಬದುಕಿರುವವರೆಗೆ ಮಾರುವುದಿಲ್ಲ ಎಂದು ಮಾತು ಕೊಟ್ಟಿದ್ದರು, ಆ ಮಾತಿನಂತೆ ನಡೆದರು. ಆಮೇಲೇನು ಎಂದು ಕೇಳಿದರೆ, ತಂಡ ಹರಾಜಿಗೆ ಬರುತ್ತದೆ ಎಂಬುದೇ ಉತ್ತರವಾಗಿತ್ತು. ಹೆಚ್ಚು ದುಡ್ಡು ಕೊಟ್ಟವರು ಕೊಳ್ಳುತ್ತಾರೆ, ಕೊಂಡವರು ಬೇಕಾದ ಊರಿಗೆ ಒಯ್ಯುತ್ತಾರೆ. ಲಕ್ಷಾಂತರ ಜನರ ಭಾನುವಾರಗಳು ಒಬ್ಬ ವೃದ್ಧರ ಆರೋಗ್ಯಕ್ಕೆ ಕಟ್ಟುಬಿದ್ದಿದ್ದವು.

ಇಲ್ಲಿ ಹೇಳುತ್ತಿರುವುದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ದೂರಕ್ಕೆಸೆಯುವ ಅಮೆರಿಕನ್ ಫುಟ್‌ಬಾಲ್ ಬಗ್ಗೆ. ಆಟದ ನಿಯಮ ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ. ನನ್ನ ಆಸಕ್ತಿ ಇರುವುದು ಮೈದಾನದ ಹೊರಗೆ ಬರೆದ ಒಂದು ಕರಾರುಪತ್ರದಲ್ಲಿ, ಅದನ್ನು ಬರೆಸಿದ ರಾಜಕಾರಣಿಗಳಲ್ಲಿ.

ಬಫಲೋ ಎರಿ ಸರೋವರದ ಪೂರ್ವ ತುದಿಯ ಊರು. 1825ರಲ್ಲಿ ಎರಿ ಕಾಲುವೆ ತೆರೆದ ಮೇಲೆ ಅಮೆರಿಕದ ಒಳನಾಡಿನ ಗೋಧಿಯ ದೊಡ್ಡ ಪಾಲು ಇಲ್ಲಿ ಹಡಗಿನಿಂದಿಳಿದು ಪೂರ್ವಕ್ಕೆ ಹೋಗುತ್ತಿತ್ತು. ಆಮೇಲೆ ಉಕ್ಕು ಬಂತು. 1950ರಲ್ಲಿ ಊರಿನ ಜನಸಂಖ್ಯೆ 5.8 ಲಕ್ಷ. ಹಡಗುಗಳು ಬೇರೆ ದಾರಿ ಹಿಡಿದವು, ಪಕ್ಕದ ಲ್ಯಾಕವಾನಾದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆ 1983ರಲ್ಲಿ ಉಕ್ಕು ಕರಗಿಸುವುದನ್ನು ನಿಲ್ಲಿಸಿತು. 2020ರ ಗಣತಿಯಲ್ಲಿ ಉಳಿದವರು 2.78 ಲಕ್ಷ. ಕೆಲಸ ಹುಡುಕಿ ಹೊರಟ ಮಕ್ಕಳು ದೇಶದ ಮೂಲೆ ಮೂಲೆಯಲ್ಲಿದ್ದಾರೆ, ಅವರನ್ನು ಊರಿಗೆ ಕಟ್ಟಿಹಾಕಿರುವ ಹಗ್ಗಗಳಲ್ಲಿ ಈ ತಂಡವೂ ಒಂದು.

ತಂಡ ಕಳೆದುಕೊಳ್ಳುವುದೆಂದರೇನು ಎಂಬುದು ಊರಿಗೆ ಗೊತ್ತಿತ್ತು. ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡ ‘ಬಫಲೋ ಬ್ರೇವ್ಸ್’ 1978ರಲ್ಲಿ ಸ್ಯಾನ್ ಡಿಯಾಗೊಗೆ ಹೊರಟುಹೋಯಿತು. ಈಗ ಅದು ಲಾಸ್ ಏಂಜಲೀಸ್‌ನ ಕ್ಲಿಪರ್ಸ್.

ಅಮೆರಿಕದ ವೃತ್ತಿಪರ ಕ್ರೀಡೆಯಲ್ಲಿ ತಂಡ ಎಂಬುದು ಊರಿನ ಹೆಸರು ಹೊತ್ತ ಖಾಸಗಿ ಆಸ್ತಿ. ನ್ಯಾಷನಲ್ ಫುಟ್‌ಬಾಲ್ ಲೀಗ್ (ಎನ್‌ಎಫ್‌ಎಲ್) 32 ತಂಡಗಳ ಕೂಟ. ಟಿವಿಯಿಂದ ಬರುವ ಭಾರಿ ಮೊತ್ತವನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುತ್ತಾರೆ. ಲಕ್ಷದ ಆಸುಪಾಸಿನ ಜನಸಂಖ್ಯೆಯ ಗ್ರೀನ್ ಬೇಗೂ ನ್ಯೂಯಾರ್ಕ್ ನಗರದ ತಂಡಕ್ಕೂ ಒಂದೇ ಪಾಲು. ಸಣ್ಣ ಊರುಗಳು ಈ ಲೀಗಿನಲ್ಲಿ ಉಸಿರಾಡುತ್ತಿರುವುದೇ ಈ ಹಂಚಿಕೆಯಿಂದ. ಆದರೆ ಕ್ರೀಡಾಂಗಣದ ಐಷಾರಾಮಿ ಕೊಠಡಿಗಳ ಬಾಡಿಗೆ, ಪ್ರಾಯೋಜಕರ ಫಲಕಗಳು, ಇವುಗಳ ಆದಾಯವನ್ನು ಹಾಗೆ ಹಂಚುವುದಿಲ್ಲ. ಕೊಠಡಿಗಳನ್ನು ದುಬಾರಿ ಬೆಲೆಗೆ ಹಿಡಿಯಲು ದೊಡ್ಡ ಕಂಪನಿಗಳು ಬೇಕು. ಬಫಲೋದಲ್ಲಿ ಅವು ಕಡಿಮೆ. ‘ಸಣ್ಣ ಮಾರುಕಟ್ಟೆ’ ಎಂಬ ಮಾತಿನ ಅರ್ಥ ಇಷ್ಟೇ. ಅಭಿಮಾನಿಗಳ ಸಂಖ್ಯೆಗೂ ಅದಕ್ಕೂ ಸಂಬಂಧವಿಲ್ಲ.

ತಂಡ ಊರು ಬದಲಿಸಬೇಕಾದರೆ 32 ಮಾಲೀಕರಲ್ಲಿ 24 ಮಂದಿಯ ಒಪ್ಪಿಗೆ ಬೇಕು. ಅದು ಸಿಕ್ಕರೆ ಊರಿನವರನ್ನು ಯಾರೂ ಕೇಳುವುದಿಲ್ಲ. 1984ರ ಮಾರ್ಚ್‌ನ ಒಂದು ರಾತ್ರಿ ಬಾಲ್ಟಿಮೋರ್‌ನ ‘ಕೋಲ್ಟ್ಸ್’ ತಂಡದ ಸಾಮಾನುಗಳನ್ನೆಲ್ಲ ಲಾರಿಗಳಿಗೆ ತುಂಬಿ ಇಂಡಿಯಾನಪೊಲಿಸ್‌ಗೆ ಸಾಗಿಸಿದರು. ತಂಡವನ್ನು ಸ್ವಾಧೀನಪಡಿಸಿಕೊಳ್ಳಲು ಅಧಿಕಾರ ಕೊಡುವ ಮಸೂದೆ ಮೇರಿಲ್ಯಾಂಡ್ ಶಾಸನಸಭೆಯ ಮುಂದಿತ್ತು, ಅದು ಕಾನೂನಾಗುವ ಮೊದಲೇ ಲಾರಿಗಳು ಹೊರಟಿದ್ದವು. 1995ರಲ್ಲಿ ಕ್ಲೀವ್‌ಲ್ಯಾಂಡ್‌ನ ಸರದಿ. ಮಾಲೀಕ ಆರ್ಟ್ ಮೊಡೆಲ್ ತಂಡವನ್ನು ಬಾಲ್ಟಿಮೋರ್‌ಗೆ ಒಯ್ಯುವುದಾಗಿ ಪ್ರಕಟಿಸಿದರು. ನಗರಾಡಳಿತ ನ್ಯಾಯಾಲಯದ ಮೆಟ್ಟಿಲೇರಿ ತಂಡದ ಹೆಸರು, ಬಣ್ಣ, ದಾಖಲೆಗಳನ್ನು ಊರಲ್ಲೇ ಉಳಿಸಿಕೊಂಡಿತು. ಆ ಹೆಸರಿಗೆ ಹೊಸ ತಂಡ ಬಂದದ್ದು 1999ರಲ್ಲಿ. ಆ ಪೆಟ್ಟಿನ ಬಳಿಕ ಕ್ಲೀವ್‌ಲ್ಯಾಂಡ್ ಇರುವ ಒಹಾಯೊ ರಾಜ್ಯ ಒಂದು ಕಾನೂನು ಮಾಡಿತು: ಸಾರ್ವಜನಿಕ ಹಣದ ನೆರವು ಪಡೆದ ತಂಡ ಊರು ಬಿಡುವುದಾದರೆ 6 ತಿಂಗಳ ನೋಟಿಸ್ ಕೊಡಬೇಕು, ಆ ಅವಧಿಯಲ್ಲಿ ಸ್ಥಳೀಯರಿಗೆ ಕೊಳ್ಳುವ ಅವಕಾಶ ಇರಬೇಕು. ಗ್ರೀನ್ ಬೇ ಮಾತ್ರ ನಿಶ್ಚಿಂತೆಯಿಂದಿದೆ. ಅಲ್ಲಿನ ‘ಪ್ಯಾಕರ್ಸ್’ ತಂಡಕ್ಕೆ 5 ಲಕ್ಷಕ್ಕೂ ಹೆಚ್ಚು ಜನಸಾಮಾನ್ಯರು ಷೇರುದಾರರು, ಯಾರೊಬ್ಬರೂ ಅದನ್ನು ಹೊತ್ತೊಯ್ಯಲಾರರು. ಬೇರೆ ಊರುಗಳೂ ಹೀಗೆ ಮಾಡಲಿ ಎಂದರೆ ಲೀಗಿನ ನಿಯಮ ಬಿಡುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ಕತೆಯ ಬೇರುಗಂಟು ಆ ನಿಯಮವೇ.

ಬಫಲೋಗೆ ಹತ್ತಿರದ ಅಪಾಯ ಒಂಟಾರಿಯೊ ಸರೋವರದ ಆಚೆಯಿಂದ ಬರುವಂತಿತ್ತು. ರಸ್ತೆಯಲ್ಲಿ ಸುಮಾರು 160 ಕಿ.ಮೀ. ದೂರದ ಟೊರಾಂಟೊ ಕೆನಡಾದ ಅತಿ ದೊಡ್ಡ ನಗರ, ಎನ್‌ಎಫ್‌ಎಲ್ ತಂಡ ಅಲ್ಲಿಲ್ಲ. 2008ರಲ್ಲಿ ಬಿಲ್ಸ್ ತಂಡ ತನ್ನ ಕೆಲವು ತವರು ಪಂದ್ಯಗಳನ್ನು ಅಲ್ಲಿ ಆಡಲು ಒಪ್ಪಿತು. ಎಂಟು ಪಂದ್ಯಕ್ಕೆ 7.8 ಕೋಟಿ ಡಾಲರ್. ಅಕ್ಕಪಕ್ಕದ ಜನರನ್ನು ಸೆಳೆಯುವ ದಾರಿ ಇದು ಎಂದು ತಂಡ ಹೇಳಿತು. ಬಫಲೋದವರ ಕಣ್ಣಿಗೆ ಅದು ಹೆಣ್ಣು ನೋಡುವ ಶಾಸ್ತ್ರದಂತೆಯೇ ಕಂಡಿತು.

ರಾಜಕಾರಣಿಗಳು ಎಚ್ಚೆತ್ತದ್ದು ಇದಕ್ಕೂ ಮೊದಲೇ. ನ್ಯೂಯಾರ್ಕ್‌ನ ಸೆನೆಟರ್ ಚಕ್ ಶೂಮರ್ ಲೀಗಿನ ಆಯುಕ್ತರನ್ನು ಪದೇಪದೇ ಕಂಡು ಮಾತಾಡಿದರು, ಬಫಲೋ ಹೆಸರನ್ನು ಅವರ ಕಿವಿಯಲ್ಲಿ ಮೊಳಗಿಸುತ್ತಲೇ ಇದ್ದರು. 2006ರಲ್ಲಿ ಆಯುಕ್ತರಾದ ರೋಜರ್ ಗುಡೆಲ್ ಹುಟ್ಟಿದ್ದು ಬಫಲೋಗೆ ದೂರವಲ್ಲದ ಜೇಮ್ಸ್‌ಟೌನ್‌ನಲ್ಲಿ, ಅವರ ತಂದೆ ಇದೇ ರಾಜ್ಯದ ಸೆನೆಟರ್ ಆಗಿದ್ದವರು. ಈ ನಂಟು ನೆರವಾಗಿರಬಹುದು. ಆದರೆ ಮಾಲೀಕ ತೀರಿಕೊಂಡ ಮೇಲೆ ಬರುವ ಅಪರಿಚಿತ ಕೊಳ್ಳುಗನನ್ನು ಮಾತಿನಿಂದ, ಮನವಿಯಿಂದ ಕಟ್ಟಿಹಾಕಲು ಆಗದು.

ಕಟ್ಟಿಹಾಕಿದ್ದು 2012ರ ಡಿಸೆಂಬರ್‌ನ ಒಪ್ಪಂದ. ಬಫಲೋ ಹೊರವಲಯದ ಆರ್ಚರ್ಡ್ ಪಾರ್ಕ್‌ನಲ್ಲಿ 1973ರಲ್ಲಿ ತೆರೆದ ಕ್ರೀಡಾಂಗಣದ ಒಡೆತನ ಎರಿ ಕೌಂಟಿಯದಾಗಿತ್ತು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ತಂಡ ಅಲ್ಲಿ ಬಾಡಿಗೆಗಿತ್ತು. ಗುತ್ತಿಗೆ ಮುಗಿಯುತ್ತ ಬಂದಿತ್ತು. ಕೌಂಟಿಯ ಮುಖ್ಯಸ್ಥ ಮಾರ್ಕ್ ಪೊಲೊನ್‌ಕಾರ್ಜ್ ವಕೀಲರು, ಅದೇ ವರ್ಷ ಅಧಿಕಾರಕ್ಕೆ ಬಂದಿದ್ದರು. ಅವರೂ ರಾಜ್ಯಪಾಲ ಆಂಡ್ರೂ ಕ್ವೊಮೊ ಅವರ ಕಡೆಯವರೂ ತಂಡದ ಜೊತೆ ತಿಂಗಳುಗಟ್ಟಲೆ ಕೂತು ಮಾತಾಡಿದರು. (ಅಮೆರಿಕದಲ್ಲಿ ರಾಜ್ಯಪಾಲರೆಂದರೆ ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಗೆ ಸಮನಾದ ಅಧಿಕಾರಸ್ಥರು.) ಹಳೆಯ ಕ್ರೀಡಾಂಗಣದ ರಿಪೇರಿಗೆ ಸುಮಾರು 13 ಕೋಟಿ ಡಾಲರ್ ಖರ್ಚು, ಅದರಲ್ಲಿ ಹೆಚ್ಚಿನ ಪಾಲು ರಾಜ್ಯ ಮತ್ತು ಕೌಂಟಿಯದು. ತಂಡಕ್ಕೆ 10 ವರ್ಷದ ಗುತ್ತಿಗೆ.

ಈ ದುಡ್ಡಿಗೆ ಬದಲಾಗಿ ಅವರು ಬರೆಸಿಕೊಂಡದ್ದು ಅಪರೂಪದ ಷರತ್ತು. ಗುತ್ತಿಗೆಯ ಅವಧಿಯಲ್ಲಿ ತಂಡವನ್ನು ಬೇರೆಡೆಗೆ ಒಯ್ಯುವಂತಿಲ್ಲ. ಒಯ್ಯುವ ಉದ್ದೇಶ ಇರುವವರಿಗೆ ಮಾರುವಂತಿಲ್ಲ. ಮುರಿದರೆ ರಾಜ್ಯ ಮತ್ತು ಕೌಂಟಿ ನ್ಯಾಯಾಲಯದಿಂದ ತಡೆಯಾಜ್ಞೆ ತರಬಹುದು. ಅದೂ ಆಗದಿದ್ದರೆ ದಂಡ 40 ಕೋಟಿ ಡಾಲರ್. ಏಳನೇ ವರ್ಷದಲ್ಲಿ ಒಂದೇ ಒಂದು ಕಿಂಡಿ ಬಿಟ್ಟಿದ್ದರು: ಆಗ 2.84 ಕೋಟಿ ಡಾಲರ್ ಕೊಟ್ಟು ಹೊರನಡೆಯಬಹುದಿತ್ತು. ಮುಖ್ಯವಾದದ್ದೇನೆಂದರೆ, ಈ ಷರತ್ತು ವಿಲ್ಸನ್ ಅವರ ಜೊತೆ ಸಾಯುವಂಥದ್ದಲ್ಲ. ತಂಡ ಯಾರ ಕೈಗೆ ಹೋದರೂ ಅವರ ತಲೆಯ ಮೇಲೆ ಕೂತಿರುತ್ತದೆ. ಪತ್ರಿಕಾಗೋಷ್ಠಿಯಲ್ಲಿ ಮಿಂಚದ, ಅಭಿಮಾನಿಗಳು ಓದದ ಇಂಥ ಪುಟಗಳಲ್ಲಿ ಸಾರ್ವಜನಿಕ ಕೆಲಸದ ಶ್ರೇಷ್ಠ ರೂಪ ಇರುತ್ತದೆ ಎಂದು ನಾನು ಮನಸಾರೆ ನಂಬುತ್ತೇನೆ.

ಪರೀಕ್ಷೆ ಬೇಗನೆ ಬಂತು. 2014ರ ಮಾರ್ಚ್ 25ರಂದು, 95ನೇ ವಯಸ್ಸಿನಲ್ಲಿ ವಿಲ್ಸನ್ ತೀರಿಕೊಂಡರು. ತಂಡ ಮಾರಾಟಕ್ಕೆ ಬಂತು. ಕೊಳ್ಳಲು ಬಂದವರಲ್ಲಿ ಡೊನಾಲ್ಡ್ ಟ್ರಂಪ್ ಒಬ್ಬರು. ರಾಕ್ ಗಾಯಕ ಜಾನ್ ಬಾನ್ ಜೋವಿ ಇನ್ನೊಬ್ಬರು, ಅವರ ಪಾಲುದಾರರು ಟೊರಾಂಟೊದ ಉದ್ಯಮಿಗಳು. ತಂಡವನ್ನು ಬಫಲೋದಲ್ಲೇ ಬೆಳೆಸುವ ಆಸೆ ತಮ್ಮದು ಎಂದು ಬಾನ್ ಜೋವಿ ಊರಿನ ಪತ್ರಿಕೆಗೆ ಪತ್ರ ಬರೆದರು. ಜನ ನಂಬಲಿಲ್ಲ. ಬಾರುಗಳಲ್ಲಿ, ರೇಡಿಯೊ ಕೇಂದ್ರಗಳಲ್ಲಿ ಅವರ ಹಾಡುಗಳಿಗೆ ಬಹಿಷ್ಕಾರ ಬಿತ್ತು.

ಹಾಡಿನ ಬಹಿಷ್ಕಾರಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಕರಾರು. ಟೊರಾಂಟೊ ಕನಸು ಹೊತ್ತವರು ಹಲವು ವರ್ಷ ಬಫಲೋದಲ್ಲೇ ಕಾಯಬೇಕಿತ್ತು. ಅಲ್ಲೇ ಉಳಿಯುವವರಿಗೆ ಅಂಥ ಭಾರವಿಲ್ಲ. ಊರಿನ ಐಸ್ ಹಾಕಿ ತಂಡದ ಒಡೆಯರಾಗಿದ್ದ, ನೈಸರ್ಗಿಕ ಅನಿಲದಲ್ಲಿ ಹಣ ಮಾಡಿದ್ದ ಟೆರಿ ಮತ್ತು ಕಿಮ್ ಪೆಗುಲಾ ದಂಪತಿ 140 ಕೋಟಿ ಡಾಲರ್ ಕೊಟ್ಟರು. ಅದೇ ಅಕ್ಟೋಬರ್‌ನಲ್ಲಿ ಲೀಗಿನ ಮಾಲೀಕರು ಮಾರಾಟಕ್ಕೆ ಒಪ್ಪಿಗೆ ಕೊಟ್ಟರು. ಟೊರಾಂಟೊ ಪಂದ್ಯಗಳು ಅಲ್ಲಿಗೆ ಮುಗಿದವು. ಮಾರಾಟದ ಹಣದಲ್ಲಿ 120 ಕೋಟಿ ಡಾಲರ್ ವಿಲ್ಸನ್ ಹೆಸರಿನ ಪ್ರತಿಷ್ಠಾನಕ್ಕೆ ಹೋಯಿತು. 2035ರೊಳಗೆ ಆ ಇಡುಗಂಟನ್ನೆಲ್ಲ ಬಫಲೋ ಮತ್ತು ಡೆಟ್ರಾಯಿಟ್ ಸೀಮೆಗಳಲ್ಲಿ ಖರ್ಚು ಮಾಡಿ ಮುಗಿಸಬೇಕೆಂಬುದು ಅದರ ಕಟ್ಟಳೆ. ಬಫಲೋದ ಸರೋವರದ ದಂಡೆಯ ಉದ್ಯಾನಕ್ಕೆ ಈಗ ವಿಲ್ಸನ್ ಹೆಸರಿದೆ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 2023ಕ್ಕೆ ಗುತ್ತಿಗೆ ಮುಗಿಯಬೇಕಿತ್ತು. ಹಳೆಯ ಕ್ರೀಡಾಂಗಣಕ್ಕೆ ಮತ್ತೆ ರಿಪೇರಿ ಬೇಡ, ಹೊಸದೇ ಬೇಕು ಎಂದು ತಂಡ ಕೇಳಿತು. 2021ರ ಬೇಸಿಗೆಯಲ್ಲಿ ಟೆಕ್ಸಾಸ್‌ನ ಆಸ್ಟಿನ್ ಹೆಸರು ಸುದ್ದಿಗಳಲ್ಲಿ ತೇಲಿತು. ಸೇಂಟ್ ಲೂಯಿಸ್, ಸ್ಯಾನ್ ಡಿಯಾಗೊ, ಓಕ್‌ಲ್ಯಾಂಡ್ ಅದರ ಹಿಂದಿನ ಐದೇ ವರ್ಷಗಳಲ್ಲಿ ತಂಡ ಕಳೆದುಕೊಂಡಿದ್ದವು, ಹಾಗಾಗಿ ಯಾರಿಗೂ ಇದನ್ನು ತಳ್ಳಿಹಾಕುವ ಧೈರ್ಯ ಇರಲಿಲ್ಲ. ಆ ಆಗಸ್ಟ್‌ನಲ್ಲೇ ಕ್ಯಾಥಿ ಹೋಕುಲ್ ರಾಜ್ಯಪಾಲರಾದರು. ಅವರು ಬಫಲೋದಲ್ಲಿ ಹುಟ್ಟಿ ಪಕ್ಕದ ಹ್ಯಾಂಬರ್ಗ್‌ನಲ್ಲಿ ಬೆಳೆದವರು, ತಂಡದ ಅಭಿಮಾನಿ. ತನ್ನ ಕಾಲದಲ್ಲಿ ತಂಡ ಹೋಯಿತೆಂಬ ಮಾತು ಅವರು ಕೇಳಲಾರದವರಾಗಿದ್ದರು, ಎದುರಿನವರಿಗೂ ಅದು ತಿಳಿದಿತ್ತು.

2022ರ ಮಾರ್ಚ್‌ನಲ್ಲಿ ಒಪ್ಪಂದ ಹೊರಬಿತ್ತು. 140 ಕೋಟಿ ಡಾಲರ್‌ನ ಕ್ರೀಡಾಂಗಣ. ರಾಜ್ಯದಿಂದ 60 ಕೋಟಿ, ಕೌಂಟಿಯಿಂದ 25 ಕೋಟಿ, ಒಟ್ಟು 85 ಕೋಟಿ ಡಾಲರ್ ಜನರ ಹಣ. ರಾಜ್ಯದ ಪಾಲಿನ ದೊಡ್ಡ ಭಾಗ ಬಂದದ್ದು ಮೂಲನಿವಾಸಿಗಳಾದ ಸೆನೆಕಾ ಜನಾಂಗದ ಕ್ಯಾಸಿನೊಗಳಿಂದ ಸರ್ಕಾರ ವಸೂಲು ಮಾಡಿದ ಹಣದಿಂದ. ಅದಕ್ಕಾಗಿ ಅವರ ಬ್ಯಾಂಕ್ ಖಾತೆಗಳನ್ನೇ ತಡೆಹಿಡಿಯಲಾಗಿತ್ತು. ಕ್ರೀಡಾಂಗಣದಲ್ಲಿ ಊಟ-ತಿಂಡಿ ಮಾರುತ್ತಿದ್ದ ಕಂಪನಿಯಲ್ಲಿ ರಾಜ್ಯಪಾಲರ ಪತಿ ಹಿರಿಯ ಅಧಿಕಾರಿಯಾಗಿದ್ದರು ಎಂಬ ಟೀಕೆಯೂ ಎದ್ದಿತು. ಕ್ರೀಡಾಂಗಣಗಳಿಗೆ ಸುರಿದ ಸಾರ್ವಜನಿಕ ಹಣ ಊರಿನ ಆದಾಯವಾಗಿ ಮರಳುವುದಿಲ್ಲ ಎಂದು ಅರ್ಥಶಾಸ್ತ್ರಜ್ಞರು ಮೂರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಜನ ಆಟಕ್ಕೆ ಖರ್ಚು ಮಾಡಿದ ಹಣ ಇಲ್ಲದಿದ್ದರೆ ಊರಿನ ಹೋಟೆಲಿಗೋ ಸಿನಿಮಾಕ್ಕೋ ಹೋಗುತ್ತಿತ್ತು, ಅಷ್ಟೇ.

ಈ ಲೆಕ್ಕ ನನಗೆ ಸರಿಯೆನಿಸುತ್ತದೆ. ಬಫಲೋ ದೇಶದ ಬಡ ನಗರಗಳ ಪೈಕಿ ಒಂದು, 85 ಕೋಟಿ ಡಾಲರ್‌ನಲ್ಲಿ ಎಷ್ಟು ಶಾಲೆಗಳು ಸುಧಾರಿಸುತ್ತಿದ್ದವು ಎಂಬ ಪ್ರಶ್ನೆ ನ್ಯಾಯವಾದದ್ದು. ಹಾಗೆಂದು ತಂಡ ಹೋದರೆ ಹೋಗಲಿ ಎನ್ನಲು ಮನಸ್ಸು ಬರುವುದಿಲ್ಲ. 1991ರ ಜನವರಿಯಲ್ಲಿ ಸೂಪರ್ ಬೌಲ್ ಫೈನಲ್‌ನ ಕೊನೆಯ ಕ್ಷಣ ಸ್ಕಾಟ್ ನಾರ್ವುಡ್ 47 ಗಜದಿಂದ ಒದ್ದ ಚೆಂಡು ಗುರಿಯ ಬಲಕ್ಕೆ ಹೋಗಿ, ಒಂದೇ ಅಂಕದಿಂದ ಪಂದ್ಯ ಕೈತಪ್ಪಿತು. ಊರಿಗೆ ಬಂದ ತಂಡವನ್ನು ನೋಡಲು ನಯಾಗರ ಚೌಕದಲ್ಲಿ ಸೇರಿದ ಸಾವಿರಾರು ಜನ ಅವನ ಹೆಸರನ್ನೇ ಕೂಗಿ ಕರೆದರು, ಅವನು ಮುಂದೆ ಬಂದು ಮಾತಾಡಲು ಕಷ್ಟಪಟ್ಟ. ಮುಂದಿನ ಮೂರು ವರ್ಷವೂ ತಂಡ ಫೈನಲ್ ತಲುಪಿ ಸೋತಿತು, ಜನ ಬಿಡಲಿಲ್ಲ. ಪಂದ್ಯದ ಹಿಂದಿನ ರಾತ್ರಿ ಹಿಮ ಸುರಿದರೆ ಅಭಿಮಾನಿಗಳೇ ಸಲಿಕೆ ಹಿಡಿದು ಕ್ರೀಡಾಂಗಣದ ಹಿಮ ತೆಗೆಯಲು ಹೋಗುತ್ತಾರೆ. 2020ರಲ್ಲಿ ಆಟಗಾರ ಜಾಶ್ ಆಲನ್ ಅವರ ಅಜ್ಜಿ ತೀರಿಕೊಂಡಾಗ, ಅವರ ಜೆರ್ಸಿ ಸಂಖ್ಯೆಯಂತೆ 17-17 ಡಾಲರ್ ಕಳಿಸಿ ಊರಿನ ಮಕ್ಕಳ ಆಸ್ಪತ್ರೆಗೆ 10 ಲಕ್ಷ ಡಾಲರ್‌ಗೂ ಹೆಚ್ಚು ಕೂಡಿಸಿದರು. ಈ ಪ್ರೀತಿಯೇ ಮಾಲೀಕರ ಕೈಯಲ್ಲಿ ಚೌಕಾಸಿಯ ಅಸ್ತ್ರವಾಗುತ್ತದೆ ಎಂಬುದು ನನಗೆ ಸಹಿಸಲಾಗದ ಸಂಗತಿ.

ಎರಡು ಒಪ್ಪಂದಗಳ ನಡುವಿನ ವ್ಯತ್ಯಾಸ ಗಡಿಯಾರದಲ್ಲಿದೆ. 2012ರಲ್ಲಿ ಮಾಲೀಕರು ಊರು ಬಿಡುವ ಯೋಚನೆಯವರಲ್ಲ, ಕೊಳ್ಳುವವರಿನ್ನೂ ಬಂದಿರಲಿಲ್ಲ. ಷರತ್ತು ಹಾಕಲು ಅದು ಸರಿಯಾದ ಹೊತ್ತು. 2022ರಲ್ಲಿ ಊರು ಬಿಡುವ ಮಾತು ಆಗಲೇ ಎದ್ದಿತ್ತು, ರಾಜ್ಯಪಾಲರ ಮುಂದೆ ಅದೇ ನವೆಂಬರ್‌ನ ಚುನಾವಣೆ ಇತ್ತು. ಬೆಲೆ ಹೇಳುವ ಸರದಿ ಎದುರಿನವರದಾಯಿತು. ಕೊಟ್ಟ ಹಣಕ್ಕೆ ತಂಡದಲ್ಲಿ ಸಣ್ಣದೊಂದು ಪಾಲನ್ನಾದರೂ ಜನರ ಹೆಸರಿಗೆ ಕೇಳಲು ಲೀಗಿನ ನಿಯಮ ಅಡ್ಡ.

ಹೊಸ ಕ್ರೀಡಾಂಗಣ ಹಳೆಯದರ ಎದುರಿಗೇ, ರಸ್ತೆಯ ಆಚೆ ಬದಿಯಲ್ಲಿ 2026ರ ಋತುವಿಗೆಂದು ಎದ್ದಿದೆ. ಸುಮಾರು 62,000 ಆಸನ, ಮೈದಾನಕ್ಕೆ ಚಾವಣಿಯಿಲ್ಲ, ಹಿಮ ಹಿಂದಿನಂತೆಯೇ ಬೀಳುತ್ತದೆ. ಕಟ್ಟುವ ವೆಚ್ಚ 200 ಕೋಟಿ ಡಾಲರ್ ದಾಟಿತು. ಹೆಚ್ಚಾದ ಹಣವೆಲ್ಲ ತಂಡದ ಮೇಲೆ ಎಂದು ಮೊದಲೇ ಬರೆಸಿಟ್ಟುಕೊಂಡಿದ್ದರಿಂದ ಜನರ ಪಾಲು ಏರಲಿಲ್ಲ, ಇದಕ್ಕೆ ಆ ಕರಾರು ಬರೆದವರನ್ನು ಮೆಚ್ಚಬೇಕು. ಆದರೆ ಸೀಸನ್ ಟಿಕೆಟ್ ಕೊಳ್ಳುವ ಹಕ್ಕಿಗೇ ಅಭಿಮಾನಿಗಳು ಈಗ ಬೇರೆ ಶುಲ್ಕ ಕೊಡಬೇಕು, ಒಳ್ಳೆಯ ಜಾಗವಾದರೆ ಸಾವಿರಾರು ಡಾಲರ್. ತಲೆಮಾರುಗಳಿಂದ ಒಂದೇ ಸಾಲಿನಲ್ಲಿ ಕೂತ ಕುಟುಂಬಗಳು ಆ ಹಣ ಹೊಂದಿಸಲಾಗದೆ ಜಾಗ ಬಿಡಬೇಕಾದೀತು. ಗುತ್ತಿಗೆ 30 ವರ್ಷದ್ದು, ನಡುವೆ ಹೊರಟರೆ ಸಾರ್ವಜನಿಕ ಹಣ ಮರಳಿಸಬೇಕೆಂಬ ಷರತ್ತು ಇದರಲ್ಲೂ ಇದೆ. ಹಳೆಯ ಕ್ರೀಡಾಂಗಣದ ಒಡೆತನ ಕೌಂಟಿಯದಾಗಿತ್ತು, ಹೊಸದರದು ರಾಜ್ಯದ್ದು. ಮುಂದಿನ ಚೌಕಾಸಿಗೆ ಕೂರುವವರು ರಾಜ್ಯದ ರಾಜಧಾನಿ ಆಲ್ಬನಿಯಲ್ಲಿರುತ್ತಾರೆ. ಅವರು ಊರು ಬಿಡುವ ಮಾತು ಏಳುವವರೆಗೆ ಕಾಯದೆ, ಪೊಲೊನ್‌ಕಾರ್ಜ್ ಅವರಂತೆ ಅದಕ್ಕೂ ಮೊದಲೇ ಕೂರಬೇಕು.